ಹೆಣವೇ, ತೋಳು ಬಿಡು

ಮಾರ್ಚ್ 2, 1926. ಮಂಗಳವಾರ. ಬೆಳಿಗ್ಗೆ ಐದೂವರೆ

ಕೀ ಕೊಟ್ಟಾಯಿತು. ಉರುಳೆ ತಿರುಗುತ್ತಿದೆ. ಮಾತಾಡಬಹುದು.

ನಿನ್ನೆ ಎಡಗಿವಿಯ ಹಿಂದೆ ಬಣ್ಣ ಉಳಿದುಬಿಟ್ಟಿತ್ತು. ಹಳದಿ. ಪಿಕ್ಚರ್ ಪರದೆಯ ಮೇಲೆ ಬೆಳ್ಳಗೆ ಕಾಣಬೇಕಾದರೆ ಮುಖಕ್ಕೆ ಹಳದಿ ಮೆತ್ತುತ್ತಾರೆ. ಪತ್ರಿಕೆಯವರು ಫೋಟೋ ತೆಗೆದರು, ಮೂರು ಸಲ ಒರೆಸಿಕೊಂಡೆ, ಕಿವಿ ಮರೆತೆ. ಮಲಕೆ ಅತ್ತೆ, ಅಪ್ಪನ ತಂಗಿ, ಬಡಿಸುತ್ತಾ ನೋಡಿದಳು.

"ಏನೇ ಅದು?"

"ಫ್ಯಾಕ್ಟರಿ ಬಣ್ಣ ಅತ್ತೆ."

"ಈಗ ಹಳದಿ ಹ್ಯಾಟಾ? ಯಾರು ಹಾಕ್ಕೋತಾರೆ, ಕೋಳಿಮರಿಗಳಾ?"

ನಕ್ಕಳು. ಆದರೆ ಕಣ್ಣು ನಗಲಿಲ್ಲ... ಅಥವಾ ನನಗೇ ಹಾಗನ್ನಿಸಿತೋ.

ಬರೆದರೆ ಕಾಗದ ಉಳಿಯುತ್ತದೆ. ಕಾಗದ ಅಂದಮೇಲೆ ಯಾರಾದರೂ ಓದೇ ಓದುತ್ತಾರೆ. ದನಿ ಹಿಡಿದಿಡುವ ಈ ಯಂತ್ರವೇ ವಾಸಿ. ಮಾವ ಮ್ಯಾಂಚೆಸ್ಟರಿನ ಬಟ್ಟೆ ಕಂಪನಿಗಳಿಗೆ ಪತ್ರ ಹೇಳಿ ಬರೆಸಲು ಕೊಂಡಿದ್ದು. ಅವರು ಸತ್ತ ಮೇಲೆ ಅಂಗಡಿಯ ಮೇಲಿನ ಈ ಉಗ್ರಾಣದಲ್ಲಿ, ಥಾನುಗಳ ಹಿಂದೆ ಬಿದ್ದಿದೆ. ಮೇಣದ ಉರುಳೆಗೆ ಹೇಳಿಕೊಳ್ಳುವುದು, ಬೇಡವಾದರೆ ಹೆರೆದು ಹಾಕುವುದು.

ಎರಡು ವರ್ಷದಿಂದ ಎರಡು ಸುಳ್ಳು. ಮನೆಯಲ್ಲಿ ಹ್ಯಾಟ್ ಫ್ಯಾಕ್ಟರಿ ಕೆಲಸ ಅಂತ. ಪಿಕ್ಚರ್ ಕಂಪನಿಯಲ್ಲಿ ಫ್ರಾನ್ಸಿನವಳು ಅಂತ.

ಎರಡನೆಯದು ನಾನು ಹೇಳಿದ್ದಲ್ಲ, ತಿದ್ದದೆ ಬಿಟ್ಟದ್ದು. ಅಂಗಡಿಯ ಲೇಸು ಕೊಡಲು ಸ್ಟುಡಿಯೋಗೆ ಹೋಗಿದ್ದೆ. ಡೈರೆಕ್ಟರ್ ಪ್ರಿಂಗಲ್, ಕಂಪನಿಯೂ ಅವರದೇ, ಹಚ್ಚದ ಚುಟ್ಟ ಕಚ್ಚಿಕೊಂಡು ಬಂದು ಗಲ್ಲ ಎತ್ತಿ ನೋಡಿ ಯಾವೂರು ಅಂದರು. ಝಹ್ಲೆ ಅಂದೆ, ಲೆಬನಾನಿನ ನಮ್ಮೂರು. "ಕ್ಯಾಲೆ! ಫ್ರಾನ್ಸ್!" ಅಂದರು. ನನಗೂ ಸನ್ಯಾಸಿನಿಯರ ಶಾಲೆಯಲ್ಲಿ ಕಲಿತ ನಾಲ್ಕು ಫ್ರೆಂಚ್ ಮಾತು ಬರುತ್ತಿತ್ತು. ಸುಮ್ಮನಾದೆ. ಅಂದಿನಿಂದ ನಾನು ಮಿಸ್ ಕ್ಲೋಡೆಟ್ ರಾಮಿಯೆ. ಮೊದಲು ಗುಂಪಿನಲ್ಲಿ ನಿಂತೆ. ಆಮೇಲೆ ಬುಟ್ಟಿ ಹೊತ್ತೆ. ಒಂದು ಚಿತ್ರದಲ್ಲಿ ಬರೀ ನೀರಿಗೆ ಬಿದ್ದೆ, ಹನ್ನೊಂದು ಸಲ. ಈಗ 'ಮುರಿಂಡಾದ ವಧು', ನಾಯಕಿ, ತಲೆಗೆ ಹೊಂಬಣ್ಣದ ಕೂದಲು. ಶನಿವಾರ ತೆರೆ ಕಂಡಿದೆ.

ಇದು ಓಡಿದರೆ ಈಸ್ಟರ್ ಆದಮೇಲೆ ಎರಡನೆಯದಕ್ಕೆ ಒಪ್ಪಂದ. ಅಷ್ಟರವರೆಗೆ ಬಾಯಿ ಭದ್ರ. ಹೋದ ವರ್ಷ ಒಬ್ಬಳು ಚಂದದ ಹುಡುಗಿ ಇದ್ದಳು. ಅವಳ ತಾಯಿ ಬಿಳಿಯವಳಲ್ಲ, ಟೊಂಗಾ ದ್ವೀಪದವಳು ಅಂತ ಯಾರೋ ಚಾಡಿ ಹೇಳಿದರು. ಮರುದಿನ ಗೇಟಿನ ಒಳಗೇ ಬಿಡಲಿಲ್ಲ. ಫ್ರಾನ್ಸಿನ ಚೆಲುವೆ ಅಂತ ಹೇಳಿ ಮಾರಿದ ನಾಯಕಿ ಇದೇ ಸಿಡ್ನಿಯ ರೆಡ್‌ಫರ್ನ್‌ನ ಬಟ್ಟೆ ಅಂಗಡಿಯವಳು, ಇಲ್ಲಿಯವರು ಸಿರಿಯನ್ ಅನ್ನುವ ನಮ್ಮ ಜನದವಳು ಅಂತ ಗೊತ್ತಾದರೆ...

ಅತ್ತೆ ಎದ್ದಳು. ಕೆಮ್ಮು ಕೇಳುತ್ತಿದೆ.


ಮಾರ್ಚ್ 6, ಶನಿವಾರ. ಮಧ್ಯಾಹ್ನ

ಅತ್ತೆ ಕೆಳಗೆ ಅಂಗಡಿಯಲ್ಲಿದ್ದಾಳೆ. ಮೆಲ್ಲಗೆ ಮಾತಾಡಬೇಕು.

ಪ್ರಿಂಗಲ್ ಇವತ್ತು ಒಂದು ಕಾಗದ ಓದಿದರು. ರೆಡ್‌ಫರ್ನ್ ಥಿಯೇಟರಿನ ಮ್ಯಾನೇಜರನದು. ದಿನಾ ಹಿಂದಿನ ಎರಡು ಸಾಲು ಬಿದ್ದು ಬಿದ್ದು ನಗುತ್ತವಂತೆ.

"ಯಾವ ಜಾಗದಲ್ಲಿ?" ಅಂದಳು ಮಿಸೆಸ್ ಗೋರ್ಮನ್. ಬಟ್ಟೆ, ಬಣ್ಣ ಎಲ್ಲ ಅವಳದೇ.

"ಹೆರಾಲ್ಡ್ ಸಾಯೋ ಜಾಗದಲ್ಲಿ."

ರೂಪರ್ಟ್ ವೇಲ್ ಎದ್ದು ನಿಂತ. ಹೆರಾಲ್ಡ್ ಆಗಿ ಸತ್ತವನು ಅವನೇ. "ನಾನು ಸಾಯೋದು ನೋಡಿ ನಗ್ತಾರಾ? ಮೆಲ್ಬರ್ನ್ ರಂಗದ ಮೇಲೆ ನಾನು ಸತ್ತಾಗ ಹೆಂಗಸರು ಎಚ್ಚರ ತಪ್ಪಿದ್ರು ಕಣಮ್ಮ!"

"ನಾಟಕ ಅಷ್ಟು ಉದ್ದ ಇತ್ತೇನೋ," ಅಂದಳು ಗೋರ್ಮನ್.

ಯಾರೋ ಬೇಕೂಂತ ಜನ ಕೂರಿಸಿ ನಗಿಸುತ್ತಿದ್ದಾರೆ ಅಂದ ರೂಪರ್ಟ್. ಹಾಗೆನ್ನುವಾಗ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ನಾಯಕಿಯ ಪಾತ್ರ ತನ್ನ ಹೆಂಡತಿಯ ತಂಗಿಗೆ ಸಿಗಲಿ ಅಂತ ಓಡಾಡಿದವನು ಅವನೇ. ಕೂರಿಸಿದ್ದರೆ ಅವನೇ ಕೂರಿಸಿರಬೇಕು.

ಆದರೆ ರೆಡ್‌ಫರ್ನ್! ಇಷ್ಟು ದೊಡ್ಡ ಸಿಡ್ನಿಯಲ್ಲಿ ನಮ್ಮ ಅಂಗಡಿಯಿಂದ ಮೂರು ಬೀದಿ ಆಚೆಗೇ ಏಕೆ? ಗೊತ್ತಿದ್ದು ಆರಿಸಿದನೇ?

ಬರುವಾಗ ಟ್ರಾಮ್ ಎರಡು ಸ್ಟಾಪ್ ಮೊದಲೇ ಇಳಿದು ಸುತ್ತಿ ಬಂದೆ. ಹಿಂದೆ ಒಬ್ಬ ಬೂದು ಕೋಟಿನವನು ಬರುತ್ತಿದ್ದ. ಬ್ರೆಡ್ ಅಂಗಡಿಗೆ ಹೋದ. ಬ್ರೆಡ್ ತೆಗೆದುಕೊಂಡನೋ ಇಲ್ಲವೋ ನಿಂತು ನೋಡಲಿಲ್ಲ.


ಮಾರ್ಚ್ 8, ಸೋಮವಾರ. ಬೆಳಿಗ್ಗೆ

ಏನೋ ನಡೆಯುತ್ತಿದೆ ಬೀದಿಯಲ್ಲಿ.

ನಿನ್ನೆ ಚರ್ಚ್ ಬಿಟ್ಟಾಗ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಆಡುತ್ತಿದ್ದವು. ಕೆಳಗಿದ್ದವನು ಕೂಗಿದ, "ಹೆಣವೇ, ತೋಳು ಬಿಡು!" ಎಲ್ಲ ಕೇಕೆ ಹಾಕಿದವು. ಮಕ್ಕಳ ಮಾತು, ಇರಲಿ ಅಂದುಕೊಂಡೆ. ಸಂಜೆ ಅಂಗಡಿಗೆ ದೀಬ್ ಬಂದ. ಊರೂರು ಸುತ್ತಿ ಬಟ್ಟೆ ಮಾರುವವನು, ಹೆಂಡತಿ ಸತ್ತವನು, ಹಲ್ಲಿಗೆ ಚಿನ್ನ ಕಟ್ಟಿಸಿದವನು. ಥಾನು ಇಳಿಸಲು ಅತ್ತೆ ಅವನ ತೋಳು ಹಿಡಿದಳು.

"ಹೆಣವೇ, ತೋಳು ಬಿಡು," ಅಂದ.

ಅತ್ತೆ ನಗು ತಡೆಯಲಾರದೆ ಒಳಗೆ ಓಡಿದಳು. ದೀಬ್ ನನ್ನ ಕಡೆ ತಿರುಗಿ ಚಿನ್ನದ ಹಲ್ಲು ತೋರಿಸಿದ.

ಈ ಮಾತು ಎಲ್ಲೋ ಕೇಳಿದ್ದೇನೆ. ಎಲ್ಲಿ?


ಅದೇ ದಿನ. ಸಂಜೆ ಆರು

ನೆನಪಾಯಿತು. ಟ್ರಾಮಿನಲ್ಲಿ. ಕೈಯಿಂದ ಚೀಲ ಬಿತ್ತು.

ಕೇಳಿದ್ದಲ್ಲ. ಹೇಳಿದ್ದು. ನಾನೇ!

ಹೋದ ಅಕ್ಟೋಬರ್. ಹೆರಾಲ್ಡ್ ಸಾಯುವ ದೃಶ್ಯ. ರೂಪರ್ಟನ ತಲೆ ನನ್ನ ಎಡತೋಳಿನ ಮೇಲೆ. ಒಂಬತ್ತು ಸಲ ಸತ್ತ, ಒಂದೂ ಅವನಿಗೆ ಹಿಡಿಸಲಿಲ್ಲ. "ಏನಾದ್ರೂ ಹೇಳ್ತಾ ಇರು, ತುಟಿ ಆಡಿದ್ರೆ ಸಾಕು, ಕಣ್ಣಲ್ಲಿ ಮಾತ್ರ ದುಃಖ ಇರಲಿ," ಅಂತ ಪ್ರಿಂಗಲ್ ಕೂಗುತ್ತಿದ್ದರು. ಅವರು ಯಾವಾಗಲೂ ಹೇಳುವುದೇ ಅದು. ಮಾತು ಪರದೆಯ ಮೇಲೆ ಬರಹವಾಗಿ ಬರುತ್ತದಲ್ಲ, ನಾವು ಏನಂದರೆ ಯಾರಿಗೇನು. ಫ್ರೆಂಚ್ ಎಷ್ಟು ಹೊತ್ತು ಆಡಲಿ, ನಾಲ್ಕೇ ಮಾತು. ನಮ್ಮ ಮಾತೇ ಆಡಿದೆ. ತೋಳು ಜೋಮು ಹಿಡಿದಿತ್ತು. ಅವನ ಬಾಯಿ ಈರುಳ್ಳಿ ನಾರುತ್ತಿತ್ತು. ಕಣ್ಣಲ್ಲಿ ನೀರು ಸುರಿಸುತ್ತಾ ಹೇಳಿದೆ.

ಹಾಗಾದರೆ ಇವರಿಗೆ ಹೇಗೆ ಗೊತ್ತು? ಅವತ್ತು ಅಲ್ಲಿದ್ದವರು ಐದೇ ಜನ. ಅವರಲ್ಲಿ ಒಬ್ಬನಿಗೆ ಅರಬ್ಬೀ ಬರುತ್ತದೆ. ಯಾರು?


ಮಾರ್ಚ್ 12, ಶುಕ್ರವಾರ. ಬೆಳಿಗ್ಗೆ

ಆಲ್ಫ್. ಕ್ಯಾಮೆರಾ ತಿರುಗಿಸುವವನು. ಬಹಳ ಯೋಚಿಸಿದೆ, ಅವನೇ.

ಯುದ್ಧದಲ್ಲಿ ಕುದುರೆ ಪಡೆಯಲ್ಲಿದ್ದ. ಈಜಿಪ್ಟ್, ಪ್ಯಾಲೆಸ್ಟೈನ್ ಎಲ್ಲ ನೋಡಿದವನು. ಬೆಳಿಗ್ಗೆ ಎಲ್ಲರಿಗೂ "ಯಲ್ಲಾ, ಯಲ್ಲಾ" ಅನ್ನುತ್ತಾನೆ, ಅರಬ್ಬೀಯಲ್ಲಿ ಹೊರಡಿ ಅಂತ. ಒಂದು ಮಾತು ಬರುವವನಿಗೆ ನೂರು ಬರಬಾರದೇಕೆ?

ನಿನ್ನೆ ಪರೀಕ್ಷೆ ಮಾಡಿದೆ. ಪೆಟ್ಟಿಗೆ ಒರೆಸುತ್ತಿದ್ದ. ಪಕ್ಕ ಹೋಗಿ ಮೆಲ್ಲಗೆ, ನಮ್ಮ ಭಾಷೆಯಲ್ಲಿ, "ನಿನ್ನ ಕಾಲ ಹತ್ತಿರ ಹಾವಿದೆ," ಅಂದೆ.

ಕದಲಲಿಲ್ಲ. ಹಲ್ಲು ಕಿರಿದ. "ಫ್ರೆಂಚ್ ಎಷ್ಟು ಇಂಪು ಮಿಸ್! ಇನ್ನೊಂದ್ಸಲ ಹೇಳಿ."

ಅವನಲ್ಲ. ಅಥವಾ ಬಹಳ ಗಟ್ಟಿ ಕಳ್ಳ.

ಇನ್ನೊಂದು. ಈ ಯಂತ್ರದ ಮುಚ್ಚಳಕ್ಕೆ ಸೋಮವಾರ ಒಂದು ಕೂದಲೆಳೆ ಅಂಟಿಸಿ ಹೋಗಿದ್ದೆ. ಈಗ ಇಲ್ಲ. ಕಿಟಕಿ ಮುಚ್ಚಿದೆ, ಗಾಳಿ ಇಲ್ಲ. ಇಲಿಗೆ ಮುಚ್ಚಳ ತೆಗೆಯಲು ಬರುತ್ತದೆಯೇ? ಉರುಳೆಗಳನ್ನು ಇವತ್ತೇ ಹೆರೆಯಬೇಕಿತ್ತು. ಟ್ರಾಮಿಗೆ ಹೊತ್ತಾಯಿತು.

ನಾಳೆ ಮ್ಯಾಟಿನಿಗೆ ಹೋಗುತ್ತೇನೆ. ಯಾರು ನಗುತ್ತಾರೋ ನೋಡಿಯೇಬಿಡುತ್ತೇನೆ.


ಮಾರ್ಚ್ 13, ಶನಿವಾರ. ಸಂಜೆ ಐದು

ನೋಡಿದೆ.

ಗೋರ್ಮನ್‌ಳ ಕನ್ನಡಕ ಕೇಳಿ ತಂದಿದ್ದೆ. ಟೋಪಿ ಹುಬ್ಬಿನವರೆಗೆ. ಪಕ್ಕದ ಬಾಗಿಲಿನ ಹತ್ತಿರ ಕಂಬದ ಹಿಂದೆ ಕುರ್ಚಿ. ಕನ್ನಡಕದಲ್ಲಿ ಎಲ್ಲ ಎರಡೆರಡು ಕಾಣುತ್ತಿತ್ತು, ಮೂಗಿನ ಮೇಲಿಂದ ನೋಡಬೇಕಾಯಿತು.

ಹಿಂದಿನ ಸಾಲುಗಳ ತುಂಬ ನಮ್ಮವರೇ. ದೀಬ್ ಇದ್ದ. ಬೇಕರಿಯವನ ಇಡೀ ಸಂಸಾರ. ನಟ್ಟನಡುವೆ ಉಮ್ ನಖ್ಲೆ.

ನಖ್ಲೆಯ ತಾಯಿ. ಅವಳ ಸ್ವಂತ ಹೆಸರು ಯಾರಿಗೂ ನೆನಪಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವಂತೆ. ಅರವತ್ತು ವರ್ಷದಿಂದ ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ. ಪೂಜೆಯ ಹೊತ್ತಿನಲ್ಲಿ ಆಚೆ ಸಾಲಿನವರು ಪಿಸುಗುಟ್ಟಿದ್ದನ್ನು ಪಾದ್ರಿಗೆ ಒಪ್ಪಿಸುವವಳು. ತನ್ನ ದನಿ ತನಗೆ ಕೇಳದು, ಹಾಗಾಗಿ ಗುಟ್ಟು ಹೇಳಿದರೂ ಬೀದಿಗೇ ಕೇಳುತ್ತದೆ.

ಪಿಯಾನೋ ಮೆತ್ತಗಾಯಿತು. ಹೆರಾಲ್ಡ್ ಸಾಯಲು ಶುರು ಮಾಡಿದ. ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ತುಟಿ ಆಡಿತು.

"ಹೆಣವೇ, ತೋಳು ಬಿಡು, ಜೋಮು ಹಿಡೀತು!" ಉಮ್ ನಖ್ಲೆಯ ದನಿ ಚಾವಣಿಗೆ ಬಡಿಯಿತು. "ಬೆಳಗಾಗೆದ್ದು ಈರುಳ್ಳಿ ತಿಂದಿದೀಯಾ ಪಾಪಿ? ಬೇಗ ಸಾಯಿ, ನನಗೆ ಹೊತ್ತಾಯ್ತು, ಮನೇಲಿ ಮಲಕೆ ಅತ್ತೆ ಕೊಂದುಹಾಕ್ತಾಳೆ!"

ಅದಾದ ಮೇಲೆ ಪರದೆಯಲ್ಲಿ ಬರಹ ಬಂತು: 'ಪ್ರಾಣವೇ, ನಿನ್ನ ಹಿಂದೆಯೇ ನಾನೂ ಬರುವೆ.'

ಎರಡು ಸಾಲು ಕುರ್ಚಿಯಿಂದ ಜಾರಿದವು. ಗೋಡೆಯ ಪಕ್ಕದಲ್ಲಿ ಒಬ್ಬಳು ಕರವಸ್ತ್ರ ಬಾಯಿಗೆ ತುರುಕಿಕೊಂಡು ಕಣ್ಣೀರು ಹಾಕಿ ನಗುತ್ತಿದ್ದಳು. ಮಲಕೆ ಅತ್ತೆ! ಈಸ್ಟರ್ ಉಪವಾಸದ ದಿನಗಳಲ್ಲಿ!

ಮಕ್ಕಳಿಗೆ ಆ ಮಾತು ಬಂದದ್ದು ಹೀಗೆ. ಬೇಹುಗಾರ ಯಾರೂ ಇಲ್ಲ. ನನ್ನ ಬಾಯೇ.

ಉಮ್ ನಖ್ಲೆ ಮಾತ್ರ ನಗುತ್ತಿರಲಿಲ್ಲ. ಮುಂದಕ್ಕೆ ಬಾಗಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಹಸಿದವರು ಒಲೆ ನೋಡುವ ಹಾಗೆ.

ದೀಪ ಹತ್ತುವ ಮೊದಲು ಎದ್ದು ಬಂದೆ. ಅತ್ತೆ ಈಗ ಬಂದಳು. "ಎಲ್ಲಿಗೆ ಹೋಗಿದ್ದೆ?" ಅಂದೆ. "ಚರ್ಚಿನ ಹೆಂಗಸರ ಸಭೆ," ಅಂದಳು. ಕಣ್ಣು ಇನ್ನೂ ಕೆಂಪಗಿತ್ತು.

ಗೊತ್ತಿದೆ ಅವಳಿಗೆ. ಎಷ್ಟು ದಿನದಿಂದ? ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ ಅಂದರೆ ಏನೋ ಹೂಡುತ್ತಿದ್ದಾಳೆ.


ಮಾರ್ಚ್ 19, ಶುಕ್ರವಾರ. ಬೆಳಿಗ್ಗೆ

ಒಂದೇ ಮನೆ, ಇಬ್ಬರು ಹೆಂಗಸರು, ಇಬ್ಬರಿಗೂ ಗೊತ್ತು, ಇಬ್ಬರೂ ಹೇಳುವುದಿಲ್ಲ.

"ಫ್ಯಾಕ್ಟರೀಲಿ ಇವತ್ತು ಯಾರಾದ್ರೂ ಸತ್ರಾ?" ಅನ್ನುತ್ತಾಳೆ.

"ಯಾಕೆ ಸಾಯ್ಬೇಕು ಅತ್ತೆ?"

"ಮುಖ ಬಾಡಿದೆ, ಅದಕ್ಕೆ ಕೇಳ್ದೆ. ತೋಳು ನೋವಾ?"

ಮೊನ್ನೆ ಊರಲ್ಲಿರುವ ನನ್ನ ಅಪ್ಪನಿಗೆ ಪತ್ರ ಬರೆಸಿದಳು, ಪಾದ್ರಿಯ ಕೈಯಲ್ಲಿ. ನನ್ನನ್ನು ಓದಲು ಬಿಡಲಿಲ್ಲ. ದೀಬ್ ವಾರದಲ್ಲಿ ಮೂರು ಸಲ ಬರುತ್ತಿದ್ದಾನೆ. ಪಿಕ್ಚರಿನವಳನ್ನು ಬೇರೆ ಯಾರು ಮದುವೆ ಮಾಡಿಕೊಳ್ಳುತ್ತಾರೆ, ಚಿನ್ನದ ಹಲ್ಲಿನವನೇ ಗತಿ ಅಂತಿರಬೇಕು.

ಕಂಪನಿಯಲ್ಲಿ ಇನ್ನೂ ಕೆಟ್ಟಿದೆ. ನಿನ್ನೆ ರೂಪರ್ಟ್ ಬಂದು ಹೇಳಿದ, ನಗುವವರು ಸಿರಿಯನ್ ಜನ ಅಂತೆ, ಗಂಟು ಹೊತ್ತು ಮಾರುವವರು. ಮ್ಯಾನೇಜರ್ ಹೇಳಿದನಂತೆ, ಮುದುಕಿಯೊಬ್ಬಳು ನಾಯಕಿಯ ಮಾತನ್ನು ಅವರ ಭಾಷೆಯಲ್ಲಿ ಓದಿ ಹೇಳುತ್ತಾಳೆ ಅಂತ.

"ಫ್ರೆಂಚ್ ಅವರಿಗೆ ಹೇಗಪ್ಪಾ ಅರ್ಥ ಆಗುತ್ತೆ?" ಅಂದರು ಪ್ರಿಂಗಲ್.

"ಅದನ್ನೇ ನಾನೂ ಕೇಳ್ತಿರೋದು," ಅಂದ ರೂಪರ್ಟ್.

ಗೋರ್ಮನ್ ಸೂಜಿಗೆ ದಾರ ಪೋಣಿಸುತ್ತಿದ್ದಳು, ಮೂರು ಸಲ ತಪ್ಪಿದಳು. ಎಂದೂ ತಪ್ಪದವಳು.

ಎರಡನೇ ಚಿತ್ರಕ್ಕೆ ಮೊದಲು ಒಂದು ಟೆಸ್ಟ್ ತೆಗೆಯುತ್ತಾರಂತೆ. ಮೂವತ್ತಕ್ಕೆ. ಇನ್ನು ಮೇಲೆ 'ಏನಾದ್ರೂ ಹೇಳು' ಇಲ್ಲ. ಮಾತು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅದನ್ನೇ ಹೇಳಬೇಕು. ಅದಾದ ಮೇಲೆ ಒಪ್ಪಂದ.

ಒಳ್ಳೆಯದೇ. ಇಂಗ್ಲಿಷ್ ಹೇಳಿಬಿಟ್ಟರೆ ಮುಗಿಯಿತು. ಯಾರಿಗೂ ಏನೂ ತಿಳಿಯುವುದಿಲ್ಲ.


ಮಾರ್ಚ್ 24, ಬುಧವಾರ. ಸಂಜೆ

ಉಮ್ ನಖ್ಲೆ ಅಂಗಡಿಗೆ ಬಂದಳು. ಬಿಳಿ ದಾರ ಬೇಕು ಅಂದಳು. ಅತ್ತೆ ದಾರ ಹುಡುಕುವ ನೆವದಲ್ಲಿ ಒಳಗೆ ಹೋಗಿ ಬರಲೇ ಇಲ್ಲ. ಇಬ್ಬರೂ ಮಾತಾಡಿಕೊಂಡು ಮಾಡಿದ್ದು, ಖಂಡಿತ.

ಮುದುಕಿ ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು.

"ಇವಳೇ. ಕೂದಲು ಬೇರೆ, ಬಾಯಿ ಇದೇ." ಬೀದಿಗೆಲ್ಲ ಕೇಳುವ ಹಾಗೆ. "ಎರಡು ದೂರಿದೆ ನಿನ್ನ ಮೇಲೆ. ಒಂದು, ಬೈಗುಳ ಜಾಸ್ತಿ. ಸಣ್ಣ ಮಕ್ಕಳು ಕಲೀತಾವೆ."

"ನೀನು ಜೋರಾಗಿ ಹೇಳೋದ್ರಿಂದ ಕಲೀತಾವೆ ಅಜ್ಜಿ."

"ಎರಡು, ಕುದುರೆ ಹತ್ತಿರ ನಿಂತಾಗ ಬೆನ್ನು ತಿರುಗಿಸಿ ಏನೋ ಅಂದೆ. ನಾಲ್ಕು ಸಲ ನೋಡಿದೆ, ಗೊತ್ತಾಗಲಿಲ್ಲ. ನಿದ್ದೆ ಇಲ್ಲ ನನಗೆ. ಏನಂದೆ?"

"ಕುದುರೆಗೆ ಹೇಳಿದ್ದು. ತುಳೀಬೇಡ ಅಂತ."

ಸಮಾಧಾನವಾಯಿತು ಅವಳಿಗೆ. ಕುರ್ಚಿ ಎಳೆದು ಕೂತಳು.

"ಇನ್ನೊಂದು ಯಾವಾಗ?"

"ನಿನ್ನನ್ನ ಯಾರು ಕಳಿಸಿದ್ದು ಅಜ್ಜಿ? ಅತ್ತೆನಾ? ದೀಬಾ?"

"ನನ್ನನ್ನ ಯಾರು ಕಳಿಸ್ತಾರೆ ಮಗಳೇ. ನನಗೊಂದು ಮಾತು ಹೇಳೋಕೇ ಜನಕ್ಕೆ ಬೇಜಾರು. ಎರಡನೇ ಸಲ ಕೇಳಿದ್ರೆ ಮುಖ ತಿರುಗಿಸ್ತಾರೆ. ಪಿಕ್ಚರ್ ಅಂದ್ರೆ ನನಗಿಷ್ಟ, ಅಲ್ಲಿ ಎಲ್ಲರೂ ಕಿವುಡರೇ. ಆದ್ರೆ ಈ ಊರಿನವರು ಪರದೇಲಿ ಮೀನಿನ ಹಾಗೆ ಬಾಯಿ ತೆಗೀತಾರೆ, ಮುಚ್ತಾರೆ. ನೀನು ಬಂದೆ ನೋಡು... ಮಾತಾಡಿದೆ. ಅಷ್ಟು ದೊಡ್ಡ ಮುಖ ಮಾಡ್ಕೊಂಡು, ಅವಸರ ಇಲ್ಲದೆ, ನನ್ನ ಕಡೇನೇ ನೋಡ್ಕೊಂಡು."

ದಾರ ತೆಗೆದುಕೊಳ್ಳದೆ ಹೋದಳು.

ನಾನು ಇಂಗ್ಲಿಷ್ ಹೇಳಬೇಕು ಮೂವತ್ತಕ್ಕೆ. ಹೇಳಲೇಬೇಕು. ಇಷ್ಟು ದೂರ ಬಂದು ಒಬ್ಬ ಮುದುಕಿಗೋಸ್ಕರ...


ಮಾರ್ಚ್ 30, ಮಂಗಳವಾರ. ಸಂಜೆ

ಕೀ ಸರಿಯಾಗಿ ತಿರುಗಿತೋ ಇಲ್ಲವೋ.

ದೃಶ್ಯ ಇಷ್ಟು. ಹಡಗುಕಟ್ಟೆ. ತಾಯಿ ದಡದಲ್ಲಿ, ಮಗಳು ಹಡಗಿನಲ್ಲಿ. ಮುಖ ಮಾತ್ರ ಕಾಣಬೇಕು. ಹಲಗೆಯ ಮೇಲೆ ಇಂಗ್ಲಿಷ್: 'ಅಮ್ಮಾ, ನನ್ನ ಮರೆಯದಿರು.' ಆಲ್ಫ್ ಕ್ಯಾಮೆರಾದ ಹಿಂದೆ. ರೂಪರ್ಟ್ ಕೈ ಕಟ್ಟಿ ಪಕ್ಕದಲ್ಲಿ, ಕಣ್ಣು ನನ್ನ ತುಟಿಯ ಮೇಲೆ. ಅವನಿಗೆ ಇವತ್ತು ಕೆಲಸವೇ ಇರಲಿಲ್ಲ. ಸುಮ್ಮನೆ ಬಂದಿದ್ದ.

ಹಲಗೆ ನೋಡಿ ಹೇಳಿದೆ. ಒಂದಕ್ಷರ ತಪ್ಪಲಿಲ್ಲ.

"ಏನಾಗಿದೆ ನಿನಗೆ?" ಅಂದರು ಪ್ರಿಂಗಲ್. "ಅಂಗಡಿ ಗಾಜಿನೊಳಗಿನ ಬೊಂಬೆ ಥರ ನಿಂತಿದೀಯ. ಇನ್ನೊಂದ್ಸಲ."

ಇನ್ನೊಂದು ಸಲ. ಬೊಂಬೆಯೇ. ಕಣ್ಣಿಗೆ ನೀರು ಬರಲಿಲ್ಲ. ಇಂಗ್ಲಿಷಿನಲ್ಲಿ ನಾನು ಯಾರನ್ನೂ ಅಮ್ಮ ಅಂದಿಲ್ಲ.

"ಹೋಗ್ಲಿ, ಕೊನೇ ಸಲ," ಅಂದರು. ದನಿಯಲ್ಲಿ ಆಸೆ ಇರಲಿಲ್ಲ. ಒಪ್ಪಂದ ಆಗಲೇ ಅರ್ಧ ಹೋಗಿತ್ತು.

ಆಲ್ಫ್ ತಿರುಗಿಸಿದ. ಗಾಜಿನ ಕಣ್ಣು ನೋಡಿದೆ. ಹೇಳಿದೆ. ಮೇಣದಲ್ಲಿ ಇರಲಿ, ಏನು ಹೇಳಿದೆ ಅಂತ:

ಉಮ್ ನಖ್ಲೆ, ಮುಖ ಈ ಕಡೆ ಇದೆ, ನೋಡು. ನಾನು ಅಫೀಫೆ. ಝಹ್ಲೆಯ ನಅಮಾನ್ ಬಶೂರನ ಮಗಳು. ಹಿಟ್ಟಿನ ಗಿರಣಿಯ ಹಿಂದಿನ ಮನೆ. ಹನ್ನೊಂದು ವರ್ಷದವಳಾಗಿದ್ದಾಗ ಹಡಗು ಹತ್ತಿಸಿದರು. ಅಮ್ಮ ಕೆಳಗೆ ನಿಂತು ಏನೋ ಕೂಗಿದಳು. ಹಡಗಿನ ಶಿಳ್ಳೆಯಲ್ಲಿ ಕೇಳಲಿಲ್ಲ. ಮುಂದಿನ ವರ್ಷ ಅವಳು ತೀರಿಕೊಂಡಳು. ಏನಂದಳು ಅಂತ ಇವತ್ತಿಗೂ ಗೊತ್ತಿಲ್ಲ. ನೀನು ಪಕ್ಕದಲ್ಲಿ ಇದ್ದಿದ್ದರೆ ಅವಳ ತುಟಿ ನೋಡಿ ಹೇಳುತ್ತಿದ್ದೆ.

ಕಟ್ ಅನ್ನಲಿಲ್ಲ ಯಾರೂ. ಫಿಲ್ಮ್ ಮುಗಿಯುವವರೆಗೆ ಆಲ್ಫ್ ತಿರುಗಿಸುತ್ತಲೇ ಇದ್ದ.

"ಅದು ಫ್ರೆಂಚ್ ಅಲ್ಲ," ಅಂದ ರೂಪರ್ಟ್. "ಯುದ್ಧದಲ್ಲಿ ಹದಿನಾಲ್ಕು ತಿಂಗಳು ಫ್ರಾನ್ಸಿನಲ್ಲಿದ್ದೆ. ಅವತ್ತು ಸಾಯೋ ಗಡಿಬಿಡೀಲಿ ಕಿವಿಗೊಡಲಿಲ್ಲ. ಅದು ಫ್ರೆಂಚ್ ಅಲ್ಲವೇ ಅಲ್ಲ. ಆ ಗಂಟು ಮಾರೋರ ಭಾಷೆ!"

ಪ್ರಿಂಗಲ್ ಚುಟ್ಟ ಬಾಯಿಂದ ತೆಗೆದರು. "ನಿನ್ನ ಊರು ಯಾವುದು ಅಂದಿದ್ದೆ?"

"ಝಹ್ಲೆ."

"ಕ್ಯಾಲೆ."

"ಅಲ್ಲ ಸರ್. ಝಹ್ಲೆ. ಲೆಬನಾನ್ ಬೆಟ್ಟದಲ್ಲಿದೆ."

ಚುಟ್ಟ ಜೇಬಿಗೆ ತುರುಕಿದರು. "ಮನೆಗೆ ಹೋಗು. ಹೇಳಿ ಕಳಿಸ್ತೀನಿ."

ಬಣ್ಣ ಒರೆಸುವಾಗ ಗೋರ್ಮನ್ ಒಂದೇ ಮಾತು ಕೇಳಿದಳು, ಮನೆ ಎಲ್ಲಿ ಅಂತ. ಎರಡು ವರ್ಷದಲ್ಲಿ ಮೊದಲ ಸಲ ನಿಜವಾದ ಬೀದಿ, ನಿಜವಾದ ನಂಬರು ಹೇಳಿದೆ. ಬರೆದುಕೊಂಡಳು. ಯಾಕೆ ಬರೆದುಕೊಂಡಳು?


ಏಪ್ರಿಲ್ 5, ಈಸ್ಟರ್ ಸೋಮವಾರ. ಬೆಳಿಗ್ಗೆ

ಹೇಳಿ ಕಳಿಸಿಲ್ಲ.

ಆರು ದಿನ. ಫ್ಯಾಕ್ಟರಿಗೆ ರಜೆ ಅಂದಿದ್ದೇನೆ. ನಿನ್ನೆ ಹಬ್ಬದ ಊಟ. ಮೊಟ್ಟೆ ಒಡೆಯುವ ಆಟದಲ್ಲಿ ಅತ್ತೆ ನನ್ನ ಮೊಟ್ಟೆ ಒಡೆದಳು, ಒಡೆದು ಕೈ ಹಾಗೇ ಹಿಡಿದುಕೊಂಡಳು.

"ಹ್ಯಾಟ್ ಫ್ಯಾಕ್ಟರಿ ಸುಟ್ಟುಹೋಯ್ತಾ?"

"ಅತ್ತೆ..."

"ಪಿಕ್ಚರ್ ಬಂದ ಮಾರನೇ ದಿನವೇ ಉಮ್ ನಖ್ಲೆ ಓಡಿ ಬಂದ್ಲು. 'ಮಲಕೆ, ಯಾರೋ ಹಳದಿ ಕೂದಲಿನ ಬಿಳಿಯವಳು ಪರದೆ ಮೇಲೆ ನಿನ್ನನ್ನ ಬೈತಿದಾಳೆ' ಅಂತ. ನೋಡೋಣ ಅಂತ ಹೋದೆ. ನೋಡಿದ್ರೆ ನನ್ನ ಅಣ್ಣನ ಮಗಳು! ಹೆಣವನ್ನ ತಬ್ಬಿಕೊಂಡು!"

"ಮತ್ಯಾಕೆ ಸುಮ್ಮನಿದ್ದೆ?"

"ನೀನು ಹೇಳ್ತೀಯೇನೋ ಅಂತ. ಒಂದು ತಿಂಗಳು ಕಾದೆ." ಕೈ ಬಿಟ್ಟಳು. "ಮೇಲೆ ಹೋಗಿ ಆ ಡಬ್ಬದ ಮುಂದೆ ಹೇಳ್ತೀಯಲ್ಲ, ಅದನ್ನ ನನ್ನ ಮುಂದೆ ಹೇಳಬಾರದಿತ್ತಾ? ನಿನ್ನ ಮಾವನ ದನಿ ಇನ್ನೂ ಇದೆಯೇನೋ ಅಂತ ಆಗಾಗ ಹೋಗಿ ತಿರುಗಿಸ್ತೀನಿ. ಅವರ ದನಿ ಇರಲಿಲ್ಲ. ನಿಂದಿತ್ತು. ದೀಬ್‌ಗೆ ನಿನ್ನನ್ನ ಕೊಡ್ತೀನಿ ಅಂತ ಯಾರು ಹೇಳಿದ್ದು ನಿನಗೆ? ಅವನು ಬರೋದು ನನಗೋಸ್ಕರ, ಕತ್ತೆ!"

ಅಪ್ಪನಿಗೆ ಬರೆಸಿದ್ದು ಆ ವಿಷಯವೇ ಅಂತೆ. ನಾಚಿಕೊಂಡಳು, ಐವತ್ತರ ಹೆಂಗಸು.

ಅವಳ ಮೇಲೆ ಇನ್ನು ಅನುಮಾನವಿಲ್ಲ. ಪ್ರಿಂಗಲ್ ಮೇಲೆ ಇದೆ. ಟೆಸ್ಟಿನ ರೀಲು ಸುಟ್ಟಿರಬೇಕು. ರೂಪರ್ಟ್ ಸುಡಿಸಿರಬೇಕು. ಗೇಟಿನ ಕಾವಲುಗಾರನಿಗೆ ಆಗಲೇ ನನ್ನ ಹೆಸರು ಕೊಟ್ಟಿರಬೇಕು.


ಏಪ್ರಿಲ್ 12, ಸೋಮವಾರ. ಬೆಳಿಗ್ಗೆ ಹತ್ತು

ಥಾನು ಮಡಿಸುತ್ತಿದ್ದೆ. ಕೆಳಗೆ ಬಾಗಿಲ ಗಂಟೆ ಬಡಿಯಿತು. ಗಂಡಸಿನ ದನಿ. ಪ್ರಿಂಗಲ್!

ಮಾತು ಮೇಲಕ್ಕೆ ಕೇಳುತ್ತದೆ, ಹಲಗೆಯ ಸಂದಿಯಲ್ಲಿ. ಯಂತ್ರ ಹಚ್ಚಿದ್ದೇನೆ. ಸಾಕ್ಷಿ ಇರಲಿ.

"ಮಿಸ್ ರಾಮಿಯೆ ಇದಾರಾ?" ಅಂದರು.

"ರಾಮಿಯೆ ಇಲ್ಲ," ಅತ್ತೆಯ ಇಂಗ್ಲಿಷ್. "ಇಲ್ಲಿ ಅಫೀಫೆ ಇದೆ. ನೀನು ಕೂತ್ಕೋ. ಕಾಫಿ ಕುಡಿ."

"ಕಾಫಿ ಬೇಡ, ನಾನು..."

"ಕಾಫಿ ಕುಡೀದೆ ಮಾತು ಇಲ್ಲ."

ಕೂತರು, ಕುರ್ಚಿ ಕಿರುಗುಟ್ಟಿತು. ಒಬ್ಬರೇ ಬಂದ ಹಾಗಿದೆ. ರೂಪರ್ಟ್ ಹೊರಗೆ ನಿಂತಿದ್ದಾನೋ ಏನೋ. ಕಿಟಕಿಯಿಂದ ನೋಡಿದೆ, ಬೀದಿಯಲ್ಲಿ ಹಾಲಿನ ಕುದುರೆ ಮಾತ್ರ.

ಶನಿವಾರ ಥಿಯೇಟರಿಗೆ ಹೋಗಿದ್ದರಂತೆ, ನಗುವವರನ್ನು ಹಿಡಿಯಲು. ಸಿಡ್ನಿಯಲ್ಲಿ ಎಲ್ಲ ಕಡೆ ಚಿತ್ರ ವಾರಕ್ಕೇ ಇಳಿಯಿತಂತೆ, ಇಲ್ಲಿ ಏಳನೇ ವಾರ, ನಿಲ್ಲಲು ಜಾಗವಿರಲಿಲ್ಲವಂತೆ. ದೂರದ ಊರುಗಳಿಂದ ರೈಲಿನಲ್ಲಿ ಬಂದವರಿದ್ದರಂತೆ. ಮುದುಕಿಯ ಪಕ್ಕದಲ್ಲೇ ಕೂತರಂತೆ. ಆಟ ಮುಗಿದ ಮೇಲೆ ಮ್ಯಾನೇಜರನಿಗೆ ಹೇಳಿ ಟೆಸ್ಟಿನ ರೀಲು ಹಾಕಿಸಿದರಂತೆ, ನಾನು ಏನು ಹೇಳಿದ್ದೇನೆ ಅಂತ ತಿಳಿದುಕೊಳ್ಳಲು.

"ಮುದುಕಿ ಈ ಸಲ ಜೋರಾಗಿ ಹೇಳಲೇ ಇಲ್ಲ," ಅನ್ನುತ್ತಿದ್ದಾರೆ. "ಅತ್ತಳು. ನನ್ನ ತೋಳು ಹಿಡ್ಕೊಂಡು ಅತ್ತಳು. ಏನಂದಳು ಅಂತ ಬೇಕರಿಯವನನ್ನ ಕೇಳಿದೆ. 'ಅಫೀಫೆ ನನ್ನ ಹತ್ರ ಹೇಳಿದ್ದು, ನಿನಗ್ಯಾಕೆ' ಅಂದಳಂತೆ."

ಅತ್ತೆ ನಕ್ಕಳು. ಈಗ ಮೆಟ್ಟಿಲ ಬುಡಕ್ಕೆ ಬಂದು ನಮ್ಮ ಭಾಷೆಯಲ್ಲಿ ಕೂಗುತ್ತಿದ್ದಾಳೆ:

"ಇಳಿದು ಬಾರೇ! ಒಪ್ಪಂದದ ಕಾಗದ ತಂದಿದಾನೆ. ಹೆಸರಿನ ಜಾಗ ಖಾಲಿ ಬಿಟ್ಟಿದಾನಂತೆ. ಏನು ಬರೀಬೇಕು, ನಿನ್ನ ಬಾಯಲ್ಲೇ ಹೇಳಬೇಕಂತೆ!"

ಖಾಲಿ ಜಾಗ. ಖಾಲಿ ಜಾಗ ನಂಬುವವಳಲ್ಲ ನಾನು. ಆಮೇಲೆ ಅವರಿಗೆ ಬೇಕಾದ್ದು ತುಂಬಿಕೊಂಡರೆ? ನನ್ನ ಕಣ್ಣೆದುರಿಗೇ ಬರೆಯಬೇಕು, ಶಾಯಿಯಲ್ಲಿ. ಒಂದೊಂದೇ ಅಕ್ಷರ ನಾನು ಹೇಳುತ್ತೇನೆ, ಅವರು ಬರೆಯಲಿ.

"ಅಫೀಫೆ!" ಅತ್ತೆ.

"ಅ... ಫೀ... ಫಾ?" ಅದು ಪ್ರಿಂಗಲ್. ಆ ದನಿಯಲ್ಲಿ ಮೊದಲ ಸಲ.

ಬಂದೆ. ತಡೆಯಿರಿ. ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಇದುವರೆಗೆ ಯಾರೂ ಬರೆದೇ ಇಲ್ಲ. ಮೊದಲು ಎ. ಆಮೇಲೆ ಎಫ್. ಎಫ್ ಒಂದು ಸಾಕೋ, ಎರಡು —